ಕರೆದದ್ದು ಗೆಳೆಯನನ್ನು

ಪರಾವಲಂಬಿ ಸಸ್ಯವೆಂದೊಡನೆ ನಮಗೆ ನೆನಪಾಗುವುದು ಮಾವಿನ ಕೊಂಬೆಯ ಮೇಲೆ ಹಬ್ಬಿದ ಬಂದಳಿಕೆ. ಅದು ಕಣ್ಣಿಗೆ ಕಾಣುವ ಕಳ್ಳ. ನಾನು ಹೇಳಹೊರಟಿರುವುದು ಮಣ್ಣಿನೊಳಗೆ ಕನ್ನ ಹಾಕುವ ಇನ್ನೊಬ್ಬನ ವಿಷಯ. ಚಿದ್ರಿಯಿಂದ ಭಾಲ್ಕಿ, ಔರಾದಗಳವರೆಗೆ ಜೋಳದ ರೊಟ್ಟಿಯನ್ನುಂಡು ಬೆಳೆದವರಿಗೆ ಇದು ದೂರದ ಮಾತಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಸ್ಟ್ರೈಗಾ ಎನ್ನುತ್ತಾರೆ. ಜೋಳದ ಬುಡದಲ್ಲಿ ಗೇಣುದ್ದ ಎದ್ದು ನಿಲ್ಲುವ, ಬಿಳಿಯ ಪುಟ್ಟ ಹೂಗಳ ಈ ಗಿಡ ನೋಡಲು ಸಾಧುವೇ ಸರಿ.

ಇದರ ಬೀಜ ಧೂಳಿನಷ್ಟು ಸಣ್ಣದು. ಹತ್ತು ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿ ಕಾದಿರಬಲ್ಲದು. ಮಳೆ ಬಿದ್ದ ಮಾತ್ರಕ್ಕೆ ಅದು ಮೊಳೆಯದು. ಆಶ್ರಯ ಕೊಡುವ ಬೇರು ಹತ್ತಿರದಲ್ಲಿದೆಯೆಂಬ ಸುದ್ದಿ ಮುಟ್ಟಬೇಕು. 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ಸುದ್ದಿಯನ್ನೊಯ್ಯುವ ವಸ್ತುವನ್ನು ಹತ್ತಿಯ ಬೇರಿನ ಸ್ರಾವದಿಂದ ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು.

ಆದರೆ ಬೇರು ತನ್ನ ವೈರಿಯನ್ನು ತಾನೇ ಏಕೆ ಎಬ್ಬಿಸಬೇಕು? ಉತ್ತರ ದೊರೆತದ್ದು 2005ರಲ್ಲಿ, ಜಪಾನಿನಲ್ಲಿ. ಮಣ್ಣಿನಲ್ಲಿ ರಂಜಕ ಸಾಲದಾದಾಗ ಬೇರು ಈ ಬಗೆಯ ರಸಗಳನ್ನು ಹೊರಬಿಟ್ಟು, ರಂಜಕವನ್ನು ತಂದುಕೊಡುವ ಶಿಲೀಂಧ್ರಗಳನ್ನು ಕರೆಯುತ್ತದೆ. ಇದೇ ವರ್ಗದ ರಸ ಗಿಡದೊಳಗೆ ಕವಲುಗಳನ್ನು ಹದ್ದಿನಲ್ಲಿಡುವ ಚೋದಕ, ಎಂದರೆ ಹಾರ್ಮೋನು, ಎಂಬುದು 2008ರಲ್ಲಿ ತಿಳಿಯಿತು. ಕರೆದದ್ದು ಗೆಳೆಯನನ್ನು, ಕೇಳಿಸಿಕೊಂಡು ಬಂದದ್ದು ಕಳ್ಳ.

ಬಂದವನು ಹೀರುಬೇರನ್ನು ಚುಚ್ಚಿ, ಜೋಳದ ನೀರುನಾಳಕ್ಕೆ ತನ್ನದನ್ನು ಜೋಡಿಸುತ್ತಾನೆ. ನೀರು ಕಡಿಮೆಯಾದಾಗ ಅಬ್ಸಿಸಿಕ್ ಆಮ್ಲವೆಂಬ ಮತ್ತೊಂದು ಚೋದಕ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಸುತ್ತದೆ. ಜೋಳ ಈ ಆಜ್ಞೆಯನ್ನು ಪಾಲಿಸುತ್ತದೆ. ಸ್ಟ್ರೈಗಾ ಅದಕ್ಕೆ ಬಹುಮಟ್ಟಿಗೆ ಕಿವುಡು. ಆಫ್ರಿಕದ ಸ್ಟ್ರೈಗಾದಲ್ಲಿ ಈ ಕಿವುಡಿಗೆ ಕಾರಣವಾದ ಪ್ರೋಟೀನೊಂದನ್ನು 2019ರಲ್ಲಿ ಗುರುತಿಸಲಾಯಿತು. ತೆರೆದೇ ಇರುವ ಅದರ ಎಲೆಗಳಿಂದ ನೀರು ಆವಿಯಾಗುತ್ತಿರುವಷ್ಟು ಕಾಲವೂ, ಜೋಳದ ನೀರೂ ಸಾರವೂ ಆ ಕಡೆಗೇ ಹರಿಯುತ್ತವೆ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ರಂಜಕ ಕಡಿಮೆಯಾದಷ್ಟೂ ಬೇರಿನ ಕರೆ ಜೋರಾಗುತ್ತದೆ. ಬೀದರದ ಸುತ್ತಲಿನ ಜಂಬಿಟ್ಟಿಗೆ ಮಣ್ಣಿನಂಥವು ರಂಜಕವನ್ನು ಬಿಗಿಹಿಡಿದು ಬೇರಿಗೆ ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಗೊಬ್ಬರ ಕಾಣದ ಬಡವನ ಹೊಲಕ್ಕೇ ಈ ಕಳ್ಳನ ಕಾಟ ಹೆಚ್ಚು.

ಉಪಾಯಗಳೂ ಈ ತಿಳಿವಿನೊಳಗೇ ಇವೆ. ಮಣ್ಣಿಗೆ ಸಾರ ಕೊಟ್ಟರೆ ಕರೆ ತಗ್ಗುತ್ತದೆ. ಹತ್ತಿ, ಸೋಯಾಗಳನ್ನು ಸರದಿಯಲ್ಲಿ ಬಿತ್ತಿದರೆ ಅವು ಕಳ್ಳನನ್ನು ಕರೆಯುತ್ತವೆ, ಉಣಬಡಿಸುವುದಿಲ್ಲ. ಮೊಳೆತದ್ದು ಹಸಿದು ಸಾಯುತ್ತದೆ. ಕರೆಯ ದನಿಯನ್ನೇ ಬದಲಿಸಿಕೊಂಡ ಜೋಳದ ತಳಿಗಳೂ ಉಂಟು. ಅದಕ್ಕೆ ಕಾರಣವಾದ ಜೀನು 2017ರಲ್ಲಿ ಪತ್ತೆಯಾಯಿತು. ಅಂಥ ಜೋಳದ ಕರೆಗೆ ಸ್ಟ್ರೈಗಾ ಬೀಜ ಅಷ್ಟಾಗಿ ಎಚ್ಚರಗೊಳ್ಳದು. ಗೆಳೆಯನನ್ನು ಕರೆಯುವುದನ್ನು ಬಿಡದೆಯೂ ಕಳ್ಳನನ್ನು ದೂರವಿಡಲು ಸಾಧ್ಯವೆಂಬುದಕ್ಕೆ ಆ ಜೋಳವೇ ಸಾಕ್ಷಿ.