ಡಿಡಿ-214ರಲ್ಲಿ ಇಲ್ಲದ ಪದಕ

ಅಮೆರಿಕದಲ್ಲಿ ಸೇನೆ ಬಿಟ್ಟು ಹೊರಡುವವರ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರ ಹೆಸರು ಡಿಡಿ-214. ನಮ್ಮ ಮಾಜಿ ಸೈನಿಕರಿಗೆ ಡಿಸ್ಚಾರ್ಜ್ ಬುಕ್ ಹೇಗೋ ಅವರಿಗೆ ಇದು ಹಾಗೆ. ಎಂದು ಸೇರಿದರು, ಎಂದು ಬಿಟ್ಟರು, ಏನು ಕೆಲಸ ಮಾಡಿದರು, ಯಾವ ಪದಕ ಪಡೆದರು ಎಂಬುದೆಲ್ಲ ಅದರಲ್ಲಿರುತ್ತದೆ. ಆಸ್ಪತ್ರೆಗೆ, ಮನೆ ಸಾಲಕ್ಕೆ, ಓದಿನ ನೆರವಿಗೆ, ಕೊನೆಗೆ ಸಮಾಧಿಯ ಜಾಗಕ್ಕೂ ಅದನ್ನೇ ಕೇಳುತ್ತಾರೆ. 1950ರಲ್ಲಿ ಬಂದ ನಮೂನೆ ಅದು; ಎರಡನೇ ಮಹಾಯುದ್ಧದವರ ಪೆಟ್ಟಿಗೆಯಲ್ಲಿ ಇರುವುದು ಅದಕ್ಕೂ ಹಳೆಯ ಬಿಡುಗಡೆ ಪತ್ರ. ಇಷ್ಟೆಲ್ಲ ಕಡೆ ನಡೆಯುವ ಕಾಗದದಲ್ಲಿ ತಪ್ಪಿರಲಾರದು ಎಂದು ಮನೆಯವರು ನಂಬುವುದು ಸಹಜ. ಆ ನಂಬಿಕೆಯ ಬೆನ್ನಿಗೆ ಇನ್ನೂ ನಾಲ್ಕಾರು ಬೆಳೆದುಕೊಂಡಿವೆ.

“ಬಿಡುಗಡೆ ಪತ್ರದಲ್ಲಿ ಇಲ್ಲದ ಪದಕ ಅವನು ಗಳಿಸಿದ್ದೇ ಅಲ್ಲ.”

ಎಲ್ಲಕ್ಕಿಂತ ಆಳಕ್ಕೆ ಬೇರುಬಿಟ್ಟ ತಪ್ಪು ಕಲ್ಪನೆ ಇದು. ಡಿಡಿ-214 ಸೇವಾ ದಾಖಲೆಯಲ್ಲ, ದಾಖಲೆಯ ಸಾರಾಂಶ. ಬಿಡುಗಡೆಯ ಹೊತ್ತಿಗೆ ಗುಮಾಸ್ತನ ಮೇಜಿನ ಮೇಲೆ ಯಾವ ಕಡತವಿತ್ತೋ ಅದನ್ನು ನೋಡಿ ತುಂಬಿದ್ದು. ಯುದ್ಧ ಮುಗಿದ 1945-46ರಲ್ಲಿ ಲಕ್ಷಗಟ್ಟಲೆ ಹುಡುಗರು ಮನೆ ಸೇರುವ ಅವಸರದಲ್ಲಿ ಸಾಲುಗಟ್ಟಿ ನಿಂತಿದ್ದರು. ಗುಮಾಸ್ತರಿಗೂ ಸಾಲು ಕರಗಿದರೆ ಸಾಕಾಗಿತ್ತು. ಪದಕದ ಸಾಲಿನಲ್ಲಿ ಒಂದು ಬಿಟ್ಟುಹೋಗಿದೆಯೇ ಎಂದು ಅಲ್ಲಿ ನಿಂತು ತಕರಾರು ತೆಗೆಯುವವರು ಕಡಿಮೆ.

ಗುಮಾಸ್ತನ ಕೈತಪ್ಪು ಸಣ್ಣ ಕಾರಣ. ದೊಡ್ಡ ಕಾರಣ ಬೇರೆಯೇ ಇದೆ: ಎಷ್ಟೋ ಪದಕಗಳು ಹುಟ್ಟಿದ್ದೇ ಸೈನಿಕ ಮನೆಗೆ ಹೋದ ಮೇಲೆ. ಬ್ರಾಂಜ್ ಸ್ಟಾರ್ ಇದಕ್ಕೆ ಒಳ್ಳೆಯ ಉದಾಹರಣೆ. ವಿಮಾನದವರಿಗೆ ಏರ್ ಮೆಡಲ್ ಇದೆ, ಕೆಸರಿನಲ್ಲಿ ತೆವಳುವ ಪದಾತಿಗಳಿಗೆ ಅಂಥದ್ದೇನೂ ಇಲ್ಲ, ಅವರ ಹುಮ್ಮಸ್ಸು ಕುಗ್ಗುತ್ತಿದೆ ಎಂದು ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ 1944ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಗೆ ಬರೆದರು. ಮರುದಿನವೇ ಬ್ರಾಂಜ್ ಸ್ಟಾರ್ ಆದೇಶವಾಯಿತು. ಯುದ್ಧ ಮುಗಿದು 1947ರಲ್ಲಿ ಇನ್ನೊಂದು ತೀರ್ಮಾನ ಬಂತು: ಯುದ್ಧಕಾಲದಲ್ಲಿ ಕಾಂಬ್ಯಾಟ್ ಇನ್‌ಫೆಂಟ್ರಿಮನ್ ಬ್ಯಾಡ್ಜ್ ಅಥವಾ ಕಾಂಬ್ಯಾಟ್ ಮೆಡಿಕಲ್ ಬ್ಯಾಡ್ಜ್ ಪಡೆದ ಪ್ರತಿಯೊಬ್ಬನಿಗೂ ಬ್ರಾಂಜ್ ಸ್ಟಾರ್ ಸಲ್ಲುತ್ತದೆ. ಅಷ್ಟರಲ್ಲಿ ಅವರೆಲ್ಲ ಜೋಳದ ಹೊಲ, ಕಾರ್ಖಾನೆ ಸೇರಿಯಾಗಿತ್ತು. ಅರ್ಜಿ ಹಾಕಿದವರಿಗೆ ಪದಕ ಬಂತು. ಸುದ್ದಿಯೇ ತಿಳಿಯದವರ ಕಾಗದದಲ್ಲಿ ಬ್ಯಾಡ್ಜಿನ ಹೆಸರಿದೆ, ಬ್ರಾಂಜ್ ಸ್ಟಾರ್ ಇಲ್ಲ. ಅಜ್ಜನ ಬಿಡುಗಡೆ ಪತ್ರ ಓದಲು ಬರುವ ಮೊಮ್ಮಗಳಿಗೆ ಆ ಬ್ಯಾಡ್ಜಿನ ಒಂದು ಸಾಲೇ ಸಾಕು.

ಯುದ್ಧಕೈದಿಗಳ ಪದಕವನ್ನು ಅಮೆರಿಕ ಸಂಸತ್ತು ಸೃಷ್ಟಿಸಿದ್ದು 1985ರಲ್ಲಿ. ಅದು ಅನ್ವಯವಾಗುವುದು 1917ರ ಏಪ್ರಿಲಿನಿಂದ. ದಕ್ಷಿಣ ಕೊರಿಯಾ ತನ್ನ ಯುದ್ಧಪದಕವನ್ನು ಅಮೆರಿಕನ್ನರಿಗೂ ಕೊಡುತ್ತೇನೆಂದು 1950ರ ದಶಕದಲ್ಲೇ ಹೇಳಿತ್ತು. ಅಮೆರಿಕ ಒಪ್ಪಿಗೆ ಕೊಟ್ಟದ್ದು 1999ರಲ್ಲಿ. ಇಡೀ ತುಕಡಿಗೆ ಸಲ್ಲುವ ಗೌರವಗಳೂ ಕೆಲವೊಮ್ಮೆ ತಡವಾಗಿ ಪ್ರಕಟವಾಗುತ್ತವೆ. ಆಗ ಆ ಗೌರವ ಗಳಿಸಿದ ಹೊತ್ತಿನಲ್ಲಿ ತುಕಡಿಯ ಪಟ್ಟಿಯಲ್ಲಿದ್ದ ಅಡುಗೆಯವನಿಗೂ ಅದು ಸೇರುತ್ತದೆ. ಇವನ್ನೆಲ್ಲ ಅಂದಿನ ಗುಮಾಸ್ತ ಹೇಗೆ ಬರೆದಾನು?

ಹಾಗಾದರೆ ಕಾಗದದಲ್ಲಿ ಇದ್ದದ್ದಾದರೂ ನಿಜವೇ? ಅದೂ ಖಾತ್ರಿಯಿಲ್ಲ. ‘ಅಮೆರಿಕನ್ ಸ್ನೈಪರ್’ ಪುಸ್ತಕ, ಸಿನಿಮಾಗಳಿಂದ ಹೆಸರಾದ ಕ್ರಿಸ್ ಕೈಲ್ ನೌಕಾಪಡೆಯ ಸೀಲ್ ಎಂಬ ವಿಶೇಷ ದಳದಲ್ಲಿದ್ದವರು. ಎರಡು ಸಿಲ್ವರ್ ಸ್ಟಾರ್, ಐದು ಬ್ರಾಂಜ್ ಸ್ಟಾರ್ ತಮಗೆ ಬಂದಿವೆ ಎಂದು ಅವರ ಪುಸ್ತಕದಲ್ಲಿತ್ತು. ಅವರು ತೀರಿಕೊಂಡ ಮೂರು ವರ್ಷಕ್ಕೆ, 2016ರಲ್ಲಿ, ನೌಕಾಪಡೆ ಕಡತಗಳನ್ನೆಲ್ಲ ತಿರುವಿ ನೋಡಿ ಒಂದು ಸಿಲ್ವರ್ ಸ್ಟಾರ್, ಶೌರ್ಯದ ಗುರುತುಳ್ಳ ನಾಲ್ಕು ಬ್ರಾಂಜ್ ಸ್ಟಾರ್ ಎಂದು ಹೇಳಿತು. ಡಿಡಿ-214 ಕೊಡುವಾಗಲೇ ತಪ್ಪಾಗಿತ್ತು ಎಂದೂ ಒಪ್ಪಿ, ಅದನ್ನು ಸರಿಪಡಿಸಿತು. ಇದರಿಂದ ಕೈಲ್ ಅವರ ಶೌರ್ಯ ಕಡಿಮೆಯಾಯಿತು ಎನ್ನುವವರ ಜೊತೆ ನಾನಿಲ್ಲ. ನಾಲ್ಕು ಬ್ರಾಂಜ್ ಸ್ಟಾರ್ ಯಾರಿಗೂ ಸುಮ್ಮನೆ ಬರುವುದಿಲ್ಲ. ಪದಕ ಕೊಟ್ಟ ಆದೇಶದ ಪ್ರತಿ ಇದ್ದರೆ ಪದಕ ಇದೆ, ಇಲ್ಲದಿದ್ದರೆ ಹುಡುಕಬೇಕು. ಡಿಡಿ-214 ಆ ಹುಡುಕಾಟಕ್ಕೆ ದಾರಿ ತೋರಿಸಬಹುದು ಅಷ್ಟೆ.

“ಎಲ್ಲಾ 1973ರ ಬೆಂಕಿಯಲ್ಲಿ ಸುಟ್ಟುಹೋಯಿತಂತೆ, ಇನ್ನೇನು ಸಿಗುತ್ತದೆ?”

ಬೆಂಕಿ ಬಿದ್ದದ್ದು ನಿಜ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೇ ಮಹಡಿ ಹೊತ್ತಿ ಉರಿಯಿತು. ಕಡತಗಳಿದ್ದ ಜಾಗದಲ್ಲಿ ನೀರು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ಪೂರ್ತಿ ಆರಿದೆ ಎನ್ನಲು ನಾಲ್ಕು ದಿನ ಹಿಡಿಯಿತು; ಕಾರಣ ಇಂದಿಗೂ ಖಚಿತವಾಗಿಲ್ಲ. 1.6 ಕೋಟಿಯಿಂದ 1.8 ಕೋಟಿ ಕಡತ ಹೋದವು. ಅವುಗಳ ನಕಲಿರಲಿಲ್ಲ, ಮೈಕ್ರೊಫಿಲ್ಮ್ ಇರಲಿಲ್ಲ, ಯಾವ ಯಾವುದು ಇದ್ದವು ಎಂಬ ಸೂಚಿಯೂ ಇರಲಿಲ್ಲ.

ಆದರೆ ‘ಎಲ್ಲಾ’ ಎನ್ನುವುದು ಸುಳ್ಳು. ಹೋದದ್ದು 1912ರ ನವೆಂಬರಿನಿಂದ 1960ರ ಜನವರಿ 1ರವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ 80, ಮತ್ತು 1947ರ ಸೆಪ್ಟೆಂಬರಿನಿಂದ 1964ರ ಜನವರಿ 1ರವರೆಗೆ ವಾಯುಪಡೆ ಬಿಟ್ಟವರಲ್ಲಿ ಅಕ್ಷರ ಕ್ರಮದಲ್ಲಿ ‘ಹಬ್ಬರ್ಡ್, ಜೇಮ್ಸ್ ಇ.’ ನಂತರ ಬರುವವರ ಕಡತಗಳಲ್ಲಿ ಸುಮಾರು ಶೇ 75. ಆ್ಯಡಮ್ಸ್ ಎಂಬ ವಾಯುಸೈನಿಕನ ಕಡತ ಉಳಿಯಿತು, ವಿಲ್ಸನ್‌ನದು ಹೋಯಿತು. ಹೆಸರಿನ ಮೊದಲಕ್ಷರ ಹೀಗೆ ಹಣೆಬರಹ ಬರೆದದ್ದು ಇನ್ನೆಲ್ಲಿದೆಯೋ. ನೌಕಾಪಡೆ, ಮರೀನ್‌ಗಳ ದಾಖಲೆಗೆ ಬೆಂಕಿ ಹೆಚ್ಚುಕಡಿಮೆ ತಾಗಲೇ ಇಲ್ಲ. ಹೀಗಿದ್ದೂ ಮರೀನ್ ಆಗಿದ್ದವರ ಮಕ್ಕಳು “ನಮ್ಮದೂ ಸುಟ್ಟಿದೆ” ಎಂದು ಕೈಚೆಲ್ಲುವುದುಂಟು.

ಸುಟ್ಟ ಕಡತದವರಿಗೂ ದಾರಿ ಮುಚ್ಚಿಲ್ಲ. ಬೆಂಕಿ ಆರಿಸುವಾಗ ನೆನೆದ ಕಾಗದಗಳನ್ನು ಸೇಂಟ್ ಲೂಯಿಸ್‌ನ ಮ್ಯಾಕ್‌ಡೊನೆಲ್ ಡಗ್ಲಸ್ ವಿಮಾನ ಕಂಪನಿಯ ನಿರ್ವಾತ ಕೋಣೆಯಲ್ಲಿಟ್ಟು ಒಣಗಿಸಿದರು. ಅಂಚು ಕರಿಕಲಾದ ಎಷ್ಟೋ ಹಾಳೆಗಳನ್ನು ಇಂದಿಗೂ ಓದಬಹುದು. ಅದಕ್ಕಿಂತ ಹೆಚ್ಚು ನೆರವಾಗುವುದು ಕಂಪನಿಯ ಮಾರ್ನಿಂಗ್ ರಿಪೋರ್ಟ್. ಪ್ರತಿ ಕಂಪನಿಯೂ ದಿನಾ ಬೆಳಿಗ್ಗೆ ಯಾರು ಬಂದರು, ಯಾರು ಹೋದರು, ಯಾರು ಗಾಯಗೊಂಡು ಆಸ್ಪತ್ರೆ ಸೇರಿದರು ಎಂದು ಬರೆದಿಡುತ್ತಿದ್ದ ವರದಿ ಅದು. ಅದರ ಮೈಕ್ರೊಫಿಲ್ಮ್ ಉಳಿದಿದೆ. 1988ರಲ್ಲಿ ಇನ್ನೊಂದು ನಿಧಿ ಸಿಕ್ಕಿತು: 1942-45 ಮತ್ತು 1950-54ರ ಸೇನಾ ಆಸ್ಪತ್ರೆ ದಾಖಲಾತಿಗಳ ಕಂಪ್ಯೂಟರ್ ಟೇಪುಗಳು, ಸುಮಾರು 1 ಕೋಟಿ ನಮೂದು. ಅವುಗಳಲ್ಲಿ ಹೆಸರಿಲ್ಲ, ಸೇವಾ ಸಂಖ್ಯೆ ಮಾತ್ರ ಇದೆ. ಆದ್ದರಿಂದ ಮನೆಯ ಹಳೆಯ ಕಾಗದದ ಮೂಲೆಯಲ್ಲಿರುವ ಆ ಸಂಖ್ಯೆ ಫೋಟೊಗಳಿಗಿಂತ ಬೆಲೆಯುಳ್ಳದ್ದು. ಇನ್ನು ಊರಿಗೆ ಬಂದವರಲ್ಲಿ ಹಲವರು ಬಿಡುಗಡೆ ಪತ್ರವನ್ನು ಕೌಂಟಿ ನೋಂದಣಿ ಕಚೇರಿಯಲ್ಲಿ ದಾಖಲಿಸಿದ್ದರು. ಆ ಪ್ರತಿ ಅಲ್ಲೇ ಇರುತ್ತದೆ.

ಪದಕ ಬರೀ ಅಲಂಕಾರ, ಅದಕ್ಕಾಗಿ ಯಾಕೆ ಒದ್ದಾಡಬೇಕು ಎಂಬ ಮಾತೂ ಇದೆ. ಕೆಲವಕ್ಕೆ ಅದು ಸರಿ. ಪರ್ಪಲ್ ಹಾರ್ಟ್‌ಗೆ ಸರಿಯಲ್ಲ. ಶತ್ರುವಿನಿಂದ ಗಾಯಗೊಂಡವರಿಗೆ ಸಲ್ಲುವ ಆ ಪದಕ ದಾಖಲೆಯಲ್ಲಿದ್ದರೆ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಆದ್ಯತೆ ಸಿಗುತ್ತದೆ, ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ನೆಲದೊಳಗಿನ ಸಮಾಧಿಗೆ ಅರ್ಹತೆ ಬರುತ್ತದೆ. 2001ರ ಸೆಪ್ಟೆಂಬರ್ 11ರ ನಂತರ ಸೇವೆಯಲ್ಲಿದ್ದು ಅದನ್ನು ಪಡೆದವರಿಗೆ ಓದಿನ ನೆರವು ಪೂರ್ತಿ ಸಲ್ಲುತ್ತದೆ.

“ವಕೀಲರನ್ನು ಹಿಡಿಯದೆ ಆಗುವ ಕೆಲಸವಲ್ಲ.”

ಬಹುತೇಕ ಪ್ರಕರಣಗಳಲ್ಲಿ ಮೊದಲ ಹೆಜ್ಜೆ ಒಂದು ಅರ್ಜಿ, ಅಷ್ಟೆ. ಎಸ್‌ಎಫ್-180 ಎಂಬ ನಮೂನೆ ತುಂಬಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಕಳಿಸಿದರೆ ಅಲ್ಲಿಯವರು ಕಡತ ನೋಡಿ ಯಾವ ಪದಕ ಸಲ್ಲುತ್ತದೆ ಎಂದು ಪರಿಶೀಲಿಸುತ್ತಾರೆ. ಆದೇಶದ ಪ್ರತಿ ಕಡತದಲ್ಲಿದ್ದು ಸಾರಾಂಶದಲ್ಲಿ ಮಾತ್ರ ಬಿಟ್ಟುಹೋಗಿದ್ದರೆ ಕೆಲಸ ಅಲ್ಲಿಗೇ ಮುಗಿಯಬಹುದು. ಹಳೆಯ ಹಾಳೆಯನ್ನು ಅಳಿಸಿ ಬರೆಯುವುದಿಲ್ಲ; ಡಿಡಿ-215 ಎಂಬ ತಿದ್ದುಪಡಿ ಹಾಳೆ ಬರುತ್ತದೆ, ಎರಡನ್ನೂ ಜೊತೆಗಿಟ್ಟುಕೊಳ್ಳಬೇಕು.

ಅಲ್ಲಿ ಆಗದಿದ್ದರೆ ದಾಖಲೆ ತಿದ್ದುಪಡಿ ಮಂಡಳಿ. ಹಿಂದೆ ಒಬ್ಬೊಬ್ಬ ಸೈನಿಕನ ತಪ್ಪು ತಿದ್ದಲೂ ಸಂಸತ್ತಿನಲ್ಲಿ ಪ್ರತ್ಯೇಕ ಮಸೂದೆ ಬೇಕಿತ್ತು. ಆ ಕಾಟ ತಾಳಲಾರದೆ 1946ರ ಕಾನೂನಿನಲ್ಲಿ ಅಂಥ ಮಸೂದೆಗಳನ್ನು ನಿಲ್ಲಿಸಿ, ಕೆಲಸವನ್ನು ಸೇನಾ ಇಲಾಖೆಗಳಿಗೆ ವಹಿಸಿದರು. ಮಂಡಳಿಯ ಸದಸ್ಯರು ಸಮವಸ್ತ್ರದವರಲ್ಲ, ನಾಗರಿಕರು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಡಿಡಿ-149 ಅರ್ಜಿ ಹಾಕಬೇಕೆಂಬ ನಿಯಮವನ್ನು ಓದಿ ಹಲವರು ಹಿಂದೆ ಸರಿಯುತ್ತಾರೆ. ನ್ಯಾಯದ ದೃಷ್ಟಿಯಿಂದ ಸರಿಯೆನಿಸಿದರೆ ಆ ಗಡುವನ್ನು ಮನ್ನಾ ಮಾಡುವ ಅಧಿಕಾರ ಮಂಡಳಿಗೆ ಅದೇ ನಿಯಮದಲ್ಲಿದೆ. ಕಷ್ಟವಿರುವುದು ಪುರಾವೆಯಲ್ಲಿ: ದಾಖಲೆ ಸರಿಯಾಗಿದೆ ಎಂದೇ ಮಂಡಳಿ ಶುರುಮಾಡುತ್ತದೆ, ತಪ್ಪಿದೆ ಎಂದು ತೋರಿಸುವ ಹೊಣೆ ಅರ್ಜಿದಾರರದು. “ಅಪ್ಪ ಯಾವಾಗಲೂ ಹೇಳುತ್ತಿದ್ದರು” ಎಂಬುದು ಅಲ್ಲಿ ನಡೆಯುವುದಿಲ್ಲ. ಜೊತೆಗಿದ್ದವರ ಪ್ರಮಾಣಪತ್ರ, ಆ ದಿನದ ವರದಿ, ಚಿಕಿತ್ಸೆಯ ಚೀಟಿ ಬೇಕು.

ಇನ್ನು ಶೌರ್ಯ ಪದಕದ ವಿಷಯ. ಜನ ಹೆಚ್ಚು ಎಡವುವುದು ಇಲ್ಲಿ. ಪರ್ಪಲ್ ಹಾರ್ಟ್‌ಗೆ ಯಾರ ಶಿಫಾರಸೂ ಬೇಡ, ಅದು ಹಕ್ಕು: ಶತ್ರುವಿನ ಕೃತ್ಯದಿಂದ ಗಾಯವಾಗಿರಬೇಕು, ವೈದ್ಯರ ಚಿಕಿತ್ಸೆ ಬೇಕಾಗಿರಬೇಕು, ಅದರ ದಾಖಲೆ ಇರಬೇಕು. ಅಪಘಾತ, ಹಿಮಗಡಿತ ಇಂದಿನ ನಿಯಮದಲ್ಲಿ ಸೇರುವುದಿಲ್ಲ. ಸಿಲ್ವರ್ ಸ್ಟಾರ್, ಎಲ್ಲಕ್ಕಿಂತ ಮೇಲಿನ ಮೆಡಲ್ ಆಫ್ ಆನರ್ ಹಾಗಲ್ಲ. ಮೇಲಧಿಕಾರಿ ಬರೆದು ಶಿಫಾರಸು ಮಾಡಿರಬೇಕು. ಬರೆಯದೇ ಬಿಟ್ಟದ್ದನ್ನು ‘ತಿದ್ದುವುದು’ ತಿದ್ದುಪಡಿಯಲ್ಲ, ಹೊಸ ಶಿಫಾರಸು. ಕಾಲ ಮೀರಿದ್ದಾದರೆ ಸಂಸತ್ ಸದಸ್ಯರೊಬ್ಬರ ಮೂಲಕ ಹೋಗಬೇಕು. ಬರೆಯುವ ಕೈ ಯಾರದ್ದು ಎಂಬುದೂ ಮುಖ್ಯ. ಎರಡನೇ ಮಹಾಯುದ್ಧದ ಒಬ್ಬ ಕಪ್ಪು ಸೈನಿಕನಿಗೂ ಮೆಡಲ್ ಆಫ್ ಆನರ್ ಬಂದಿರಲಿಲ್ಲ. ಹಳೆಯ ಕಡತಗಳನ್ನು ಮತ್ತೆ ಬಿಚ್ಚಿ ನೋಡಿ 1997ರಲ್ಲಿ ಏಳು ಮಂದಿಗೆ ಕೊಟ್ಟಾಗ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ.

ಕೆಂಟಕಿಯ ರೈತ ಗಾರ್ಲಿನ್ ಕಾನರ್ ಅವರದು ಇನ್ನೂ ಉದ್ದದ ಕಥೆ. 1945ರ ಜನವರಿ 24ರಂದು ಫ್ರಾನ್ಸ್‌ನ ಹೂಸೆನ್ ಬಳಿ ಅವರು ಟೆಲಿಫೋನ್ ತಂತಿ ಎಳೆದುಕೊಂಡು ಮುಂದೋಡಿ, ಆಳವಿಲ್ಲದ ಗುಂಡಿಯಲ್ಲಿ ಮಲಗಿ ಮೂರು ತಾಸು ಫಿರಂಗಿಗಳಿಗೆ ಗುರಿ ಹೇಳಿದರು. ಜರ್ಮನರು ತೀರ ಹತ್ತಿರ ಬಂದಾಗ ತಾನಿದ್ದ ಜಾಗಕ್ಕೇ ಹೊಡೆಯಿರಿ ಎಂದರು. ಸಿಕ್ಕಿದ್ದು ಎರಡನೇ ದರ್ಜೆಯ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್. 1998ರಲ್ಲಿ ತೀರಿಕೊಂಡರು. ಆ ಕ್ರಾಸನ್ನು ಮೆಡಲ್ ಆಫ್ ಆನರ್‌ಗೆ ಏರಿಸಬೇಕೆಂಬ ಹಟವನ್ನು ಪತ್ನಿ ಪಾಲಿನ್ ಬಿಡಲಿಲ್ಲ. ಮಂಡಳಿ ಒಂದಲ್ಲ ಎರಡು ಸಲ ತಳ್ಳಿಹಾಕಿತು, 2014ರಲ್ಲಿ ಫೆಡರಲ್ ನ್ಯಾಯಾಲಯವೂ ಗಡುವು ಮೀರಿದೆ ಎಂದಿತು. ಕೊನೆಗೆ ತಿರುವು ತಂದದ್ದು ಕಣ್ಣಾರೆ ಕಂಡವರ ಹೇಳಿಕೆಗಳು. 2018ರ ಜೂನ್ 26ರಂದು ಪಾಲಿನ್ ಶ್ವೇತಭವನದಲ್ಲಿ ಮೆಡಲ್ ಆಫ್ ಆನರ್ ಪಡೆದರು.

ಸತ್ತವರ ಪರವಾಗಿ ಯಾರು ಬೇಕಾದರೂ ಕೇಳಬಹುದು ಎಂಬುದು ಅರ್ಧ ಸತ್ಯ. ದಾಖಲೆ ಕೇಂದ್ರದ ಲೆಕ್ಕದಲ್ಲಿ ಹತ್ತಿರದ ಬಂಧುವೆಂದರೆ ಮರುಮದುವೆಯಾಗದ ಸಂಗಾತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು. ಮೊಮ್ಮಕ್ಕಳು ಆ ಪಟ್ಟಿಯಲ್ಲಿಲ್ಲ. ಅವರಿಗೆ ಬೇರೆ ಬಾಗಿಲಿದೆ. ಸೇನೆ ಬಿಟ್ಟು 62 ವರ್ಷವಾದ ಕಡತ ರಾಷ್ಟ್ರೀಯ ದಾಖಲಾಗಾರದ ಸ್ವತ್ತಾಗುತ್ತದೆ, ಶುಲ್ಕ ಕಟ್ಟಿದ ಯಾರಿಗಾದರೂ ಪ್ರತಿ ಕೊಡುತ್ತಾರೆ. ಆ ಪ್ರತಿ ನೋಡಿ ಯಾವ ಪದಕ ಸಲ್ಲುತ್ತಿತ್ತು ಎಂದು ತಿಳಿದುಕೊಂಡು ಅಂಗಡಿಯಲ್ಲಿ ಕೊಂಡು ಚೌಕಟ್ಟು ಹಾಕಿಸಿಕೊಂಡರೂ ತಪ್ಪಿಲ್ಲ, ಮೆಡಲ್ ಆಫ್ ಆನರ್ ಒಂದನ್ನು ಬಿಟ್ಟು; ಅದನ್ನು ಮಾರುವುದು ಅಲ್ಲಿ ಅಪರಾಧ.