ಗಾಯವಿಲ್ಲದ ಕಡೆ ನೋವು ಏಕೆ?

ಕಾಲಿಗೆ ಮುಳ್ಳು ಚುಚ್ಚಿದರೆ ನೋವಾಗುತ್ತದೆ. ಮುಳ್ಳು ತೆಗೆದರೆ ನೋವು ಹೋಗುತ್ತದೆ. ನೋವಿನ ಬಗ್ಗೆ ನಮಗೆಲ್ಲ ಗೊತ್ತಿರುವ ಪಾಠ ಇಷ್ಟೇ. ಎಲ್ಲಿ ನೋವಿದೆಯೋ ಅಲ್ಲಿ ಗಾಯವೋ, ಬಾವೋ, ಉಳುಕೋ ಏನಾದರೊಂದು ಇರಲೇಬೇಕು ಎಂದು ನಾವು ನಂಬಿರುತ್ತೇವೆ. ಏನೂ ಕಾಣದಿದ್ದರೆ ‘ಎಲ್ಲ ಮನಸ್ಸಿನ ಭ್ರಮೆ’ ಎಂದು ತೀರ್ಮಾನಿಸಿಬಿಡುತ್ತೇವೆ. ಆದರೆ ಪಾದದಲ್ಲಿ ಏನೂ ತೊಂದರೆಯಿಲ್ಲದೆ ಪಾದ ಉರಿಯುವ, ಹಲ್ಲು ಗಟ್ಟಿಯಾಗಿದ್ದರೂ ದವಡೆಯಲ್ಲಿ ಮಿಂಚು ಹೊಡೆದಂತಾಗುವ ಕಾಯಿಲೆಗಳಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂಥದ್ದೊಂದು ಕಾಯಿಲೆ. ವೈದ್ಯರು ಇದನ್ನು ಚುಟುಕಾಗಿ ಎಂ.ಎಸ್. ಎನ್ನುತ್ತಾರೆ.

ಫ್ರಾನ್ಸಿನ ನರರೋಗ ತಜ್ಞ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ಗುರುತಿಸಿ ವಿವರಿಸಿದರು. ವಿದ್ಯುತ್ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ಅನೇಕ ನರತಂತುಗಳ ಮೇಲೆ ‘ಮೈಲಿನ್’ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಯಲ್ಲಿನ ಈ ಹೊದಿಕೆಯ ಮೇಲೆಯೇ ದಾಳಿ ಮಾಡುತ್ತದೆ. ಅಲ್ಲಲ್ಲಿ ಹೊದಿಕೆ ಕಿತ್ತುಹೋಗಿ ಕಲೆ ಕಟ್ಟುತ್ತದೆ. 2020ರ ಅಂದಾಜಿನಂತೆ ವಿಶ್ವದಲ್ಲಿ ಸುಮಾರು 28 ಲಕ್ಷ ಜನರಿಗೆ ಈ ಕಾಯಿಲೆಯಿದೆ. ನಮ್ಮಲ್ಲಿ ಇದು ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಯಲ್ಲಿ ಇದು ಕಂಡುಬಂದಿತು. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನೋವಿಲ್ಲದ ಕಾಯಿಲೆಯೆ?

ಕಣ್ಣು ಮಂಜಾಗುವುದು, ಕೈಕಾಲು ಬಲಗುಂದುವುದು, ನಡಿಗೆ ತಪ್ಪುವುದು, ವಿಪರೀತ ಸುಸ್ತು – ಎಂ.ಎಸ್. ಎಂದಾಗ ಮೊದಲು ನೆನಪಾಗುವುದು ಇವೇ. ಬಹಳ ಕಾಲ ವೈದ್ಯರೂ ಇದನ್ನು ನೋವಿಲ್ಲದ ಕಾಯಿಲೆಯೆಂದೇ ತಿಳಿದಿದ್ದರು. ಈಗ ಆ ನಂಬಿಕೆ ಉಳಿದಿಲ್ಲ. ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 17 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ, ನೂರಕ್ಕೆ ಸುಮಾರು 63 ರೋಗಿಗಳಿಗೆ ಒಂದಲ್ಲ ಒಂದು ಬಗೆಯ ನೋವಿರುವುದು ತಿಳಿಯಿತು. ತಲೆನೋವು, ಕೈಕಾಲುಗಳ ಉರಿ, ಬೆನ್ನುನೋವು, ಸ್ನಾಯುಗಳ ಸೆಳೆತ ಇವು ಮುಖ್ಯವಾದವು.

ತಂತಿ ಬರಿದಾದಾಗ

ಹಾಗಾದರೆ ಈ ನೋವು ಹುಟ್ಟುವುದೆಲ್ಲಿ? ಪಾದದಿಂದ ಮಿದುಳಿಗೆ ಸುದ್ದಿ ಒಯ್ಯುವ ತಂತಿ ಬೆನ್ನುಹುರಿಯ ಮೂಲಕ ಹಾದುಹೋಗುತ್ತದೆ. ದಾರಿಯ ನಡುವೆ ಅದರ ಹೊದಿಕೆ ಸವೆದುಹೋಯಿತೆನ್ನಿ. ಬರಿದಾದ ಆ ಭಾಗ ಯಾರೂ ಮುಟ್ಟದಿದ್ದರೂ ತಾನಾಗಿಯೇ ಕಿಡಿ ಹಾರಿಸಬಲ್ಲದು. ಪಕ್ಕದ ಬರಿದಾದ ತಂತಿಗೂ ಕಿಡಿ ದಾಟಬಹುದು. ಹಳೆಯ ಟೆಲಿಫೋನುಗಳಲ್ಲಿ ನಮ್ಮ ಮಾತಿನ ನಡುವೆ ಬೇರೆ ಯಾರದೋ ಮಾತು ಕೇಳಿಸುತ್ತಿತ್ತಲ್ಲ, ಹೆಚ್ಚುಕಡಿಮೆ ಹಾಗೆ. ಮಿದುಳಿಗಾದರೋ ಸುದ್ದಿ ತಂತಿಯ ತುದಿಯಿಂದ ಬಂತೋ, ನಡುವಿನಿಂದ ಬಂತೋ ತಿಳಿಯದು. ‘ಪಾದ ಉರಿಯುತ್ತಿದೆ’ ಎಂದೇ ಅದು ಓದಿಕೊಳ್ಳುತ್ತದೆ.

ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಕೆಲವು ರೋಗಿಗಳು ಗದ್ದ ಎದೆಗೆ ತಾಗುವಂತೆ ಕತ್ತು ಬಗ್ಗಿಸಿದರೆ ಸಾಕು, ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತಾಗುತ್ತದೆ. ಫ್ರಾನ್ಸಿನ ಜಾನ್ ಲೆರ್ಮಿಟ್ 1924ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೇ ಉಳಿದಿದೆ. ತೊಂದರೆ ಇರುವುದು ಕತ್ತಿನೊಳಗಿನ ಬೆನ್ನುಹುರಿಯಲ್ಲಿ. ಬಗ್ಗಿಸಿದಾಗ ಅಲ್ಲಿನ ಬರಿದಾದ ತಂತುಗಳು ಎಳೆಯಲ್ಪಟ್ಟು ಕಿಡಿ ಹಾರಿಸುತ್ತವೆ. ನೋವು ಮಾತ್ರ ಬೆನ್ನಿಗೂ ಕಾಲಿಗೂ ಇಳಿಯುತ್ತದೆ.

ಮುಖದ ಒಂದು ಪಕ್ಕದಲ್ಲಿ ಫಕ್ಕನೆ ಹೊಡೆಯುವ ಟ್ರೈಜೆಮಿನಲ್ ನರದ ನೋವೂ ಇಂಥದ್ದೇ. ಎಂ.ಎಸ್. ಇರುವವರಲ್ಲಿ ಇದು ಉಳಿದವರಿಗಿಂತ ಸುಮಾರು 20 ಪಟ್ಟು ಹೆಚ್ಚು. ಹಲ್ಲುಜ್ಜಿದರೆ, ಅಗಿದರೆ, ಗಾಳಿ ಸೋಕಿದರೆ ಸಾಕು, ಜೀವ ಹೋದಂತಾಗುತ್ತದೆ. ಹಲ್ಲಿನ ನೋವೆಂದು ಭಾವಿಸಿ ಚೆನ್ನಾಗಿರುವ ಹಲ್ಲನ್ನೇ ಕೀಳಿಸಿಕೊಂಡವರುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ!

ಬ್ರೇಕು ಕೆಟ್ಟರೆ?

ಮೊಣಕೈ ಬಾಗಿಲಿಗೆ ತಗುಲಿದರೆ ತಕ್ಷಣ ಉಜ್ಜಿಕೊಳ್ಳುತ್ತೀರಿ. ನೋವು ಕಡಿಮೆಯಾದಂತೆನಿಸುತ್ತದೆ. ಏಕೆಂದು ಯೋಚಿಸಿದ್ದೀರಾ? ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೊಂದು ಬಾಗಿಲಿದೆ. ಉಜ್ಜಿದಾಗ ಹೋಗುವ ಸ್ಪರ್ಶದ ಸುದ್ದಿ ಆ ಬಾಗಿಲನ್ನು ಅರ್ಧ ಮುಚ್ಚುತ್ತದೆ ಎಂದರು. ಮಿದುಳಿನಿಂದಲೂ ಆ ಬಾಗಿಲಿಗೆ ಆಜ್ಞೆ ಬರುತ್ತದೆ. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಇಲಿಯ ಮಿದುಳಿನ ನಡುಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿ, ಅರಿವಳಿಕೆ ಇಲ್ಲದೆಯೇ ಶಸ್ತ್ರಕ್ರಿಯೆ ಮಾಡಿ ತೋರಿಸಿದರು. 1975ರಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಜ್, ಮಿದುಳು ತಾನೇ ತಯಾರಿಸುವ ನೋವುಶಾಮಕಗಳನ್ನು ಪತ್ತೆ ಮಾಡಿದರು. ಅಂದರೆ ನೋವನ್ನು ತಡೆಯುವ ಬ್ರೇಕು ನಮ್ಮೊಳಗೇ ಇದೆ.

ಎಂ.ಎಸ್.ನ ಕಲೆಗಳು ಈ ಬ್ರೇಕಿನ ತಂತಿಗಳ ಮೇಲೂ ಬೀಳಬಹುದು. ಆಗ ಸಣ್ಣ ಸುದ್ದಿಯೂ ದೊಡ್ಡ ನೋವಾಗುತ್ತದೆ. ಮೈಮೇಲೆ ಹೊದ್ದ ಬೆಡ್‌ಶೀಟೂ ಉರಿಯತೊಡಗುತ್ತದೆ. ಸ್ವೀಡನ್ನಿನಲ್ಲಿ 364 ರೋಗಿಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳು–ಬೆನ್ನುಹುರಿಗಳಲ್ಲೇ ಹುಟ್ಟುವ ಇಂಥ ನೋವು ನೂರಕ್ಕೆ ಸುಮಾರು 28 ಮಂದಿಯಲ್ಲಿತ್ತು. ಬಿಸಿ, ತಂಪು, ನೋವುಗಳ ಸುದ್ದಿ ಒಯ್ಯುವ ದಾರಿಗೆ ಪೆಟ್ಟಾಗಿದ್ದುದೇ ಇವರಲ್ಲಿ ಕಂಡ ಮುಖ್ಯ ಲಕ್ಷಣ.

ನೋವು ಬಹುಕಾಲ ಉಳಿದರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಮತ್ತೆ ಮತ್ತೆ ನೋವಿನ ಸುದ್ದಿ ಬಂದರೆ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ ಎಂದು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿದರು. ಇದರಲ್ಲಿ ನರಕೋಶಗಳ ಜೊತೆಗಿರುವ ಸಹಾಯಕ ಕೋಶಗಳ ಪಾತ್ರವೂ ಇದೆ ಎಂಬುದು ಈಚಿನ ಸಂಶೋಧನೆಗಳಿಂದ ತಿಳಿದಿದೆ. ಎಂ.ಎಸ್. ಹೋಲುವ ಕಾಯಿಲೆ ಬರಿಸಿದ ಇಲಿಗಳ ಕೆಲವು ಪ್ರಯೋಗಗಳಲ್ಲಿ, ಕಾಲಿನ ಬಲ ಕುಂದುವ ಮೊದಲೇ ಸ್ಪರ್ಶವೂ ನೋವಾಗತೊಡಗಿತ್ತು. ಸ್ಕ್ಯಾನ್‌ನಲ್ಲಿ ಕಾಣುವ ಕಲೆಯ ಗಾತ್ರಕ್ಕೂ ರೋಗಿ ಹೇಳುವ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಕಲೆ ಚಿಕ್ಕದಿದ್ದ ಮಾತ್ರಕ್ಕೆ ನೋವು ಸುಳ್ಳೆನ್ನುವಂತಿಲ್ಲ.

‘ನನಗೇಕೆ ಖಿನ್ನತೆಯ ಮಾತ್ರೆ?’

ನರದಲ್ಲೇ ಹುಟ್ಟುವ ನೋವಿಗೆ ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಸಾಮಾನ್ಯ ನೋವಿನ ಮಾತ್ರೆಗಳು ಅಷ್ಟಾಗಿ ನಾಟುವುದಿಲ್ಲ. ಔಷಧಿ ಅಂಗಡಿಯಿಂದ ತಾವೇ ತಂದು ನುಂಗುತ್ತ ಹೋದರೆ ನೋವು ಉಳಿದು ಹೊಟ್ಟೆ, ಮೂತ್ರಪಿಂಡಗಳು ಕೆಡಬಹುದು. ವೈದ್ಯರು ಇಲ್ಲಿ ಬಳಸುವ ಔಷಧಿಗಳೇ ಬೇರೆ. ಮುಖದ ನರದ ನೋವಿಗೆ ಕಾರ್ಬಮಜೆಪೈನ್, ಉರಿನೋವಿಗೆ ಗಾಬಪೆಂಟಿನ್ ಅಥವಾ ಪ್ರಿಗಾಬಲಿನ್ ಕೊಡುತ್ತಾರೆ. ಇವು ನರತಂತುಗಳು ಕಿಡಿ ಹಾರಿಸುವುದನ್ನು, ಸುದ್ದಿ ಮುಂದೆ ಸಾಗುವುದನ್ನು ತಗ್ಗಿಸುತ್ತವೆ. ಕಾರ್ಬಮಜೆಪೈನ್ ತೆಗೆದುಕೊಳ್ಳುವವರು ಮೈಮೇಲೆ ಗಂಧೆ ಎದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಅಮಿಟ್ರಿಪ್ಟಿಲಿನ್ ಅಥವಾ ಡುಲಾಕ್ಸೆಟಿನ್ ಬರೆದುಕೊಟ್ಟಾಗ ಅನೇಕರು ಬೇಸರಗೊಳ್ಳುತ್ತಾರೆ. ‘ಇದು ಖಿನ್ನತೆಯ ಮಾತ್ರೆಯಂತೆ, ಡಾಕ್ಟರೂ ನನ್ನ ನೋವನ್ನು ನಂಬಲಿಲ್ಲ’ ಎಂದುಕೊಂಡು ಮಾತ್ರೆಯನ್ನು ಮುಟ್ಟುವುದೇ ಇಲ್ಲ. ಮೇಲೆ ಹೇಳಿದ ಬ್ರೇಕನ್ನು ನೆನಪು ಮಾಡಿಕೊಳ್ಳಿ. ಮಿದುಳಿನಿಂದ ಇಳಿಯುವ ಆ ಬ್ರೇಕು ಕೆಲಸ ಮಾಡುವುದು ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ನೆರವಿನಿಂದ. ಈ ಮಾತ್ರೆಗಳು ಅವನ್ನೇ ಹೆಚ್ಚಿಸುತ್ತವೆ. ಖಿನ್ನತೆ ಇಲ್ಲದವರಿಗೂ ಇವು ನೋವು ತಗ್ಗಿಸುತ್ತವೆ. ಪರಿಣಾಮ ಕಾಣಲು ಕೆಲವು ವಾರಗಳು ಬೇಕಾಗಬಹುದು. ಮಂಪರು, ಬಾಯಿ ಒಣಗುವುದು ಇರಬಹುದು. ಈ ಔಷಧಿಗಳಲ್ಲಿ ಯಾವುದನ್ನೂ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ನೋವು ಪೂರ್ತಿ ಹೋಗುವುದು ಅಪರೂಪ. ಅರ್ಧದಷ್ಟು ಇಳಿದು, ರಾತ್ರಿ ನಿದ್ದೆ ಬಂದರೂ ಬದುಕು ಬಹಳ ಹಗುರವಾಗುತ್ತದೆ. ಎಲ್ಲ ನೋವಿಗೂ ಒಂದೇ ಮದ್ದಲ್ಲ ಎಂಬುದೂ ನೆನಪಿರಲಿ. ಸ್ನಾಯು ಸೆಳೆತಕ್ಕೆ ಬ್ಯಾಕ್ಲೊಫೆನ್ ಮತ್ತು ಅಂಗಗಳನ್ನು ನಿಧಾನವಾಗಿ ಚಾಚುವ ವ್ಯಾಯಾಮ ಸಹಕಾರಿ. ನಡಿಗೆ ಕೆಟ್ಟು ಬಂದ ಸೊಂಟನೋವಿಗೆ ಫಿಸಿಯೋಥೆರಪಿ ಬೇಕು, ಅದಕ್ಕೆ ಸಾಮಾನ್ಯ ನೋವಿನ ಮಾತ್ರೆಯೂ ಸಾಕಾಗಬಹುದು.

ಮನೆಯವರು ಗಮನಿಸಬೇಕಾದದ್ದು

* ನೋವು ಎಲ್ಲಿ, ಯಾವಾಗ, ಹೇಗೆ ಎಂದು ರೋಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಉರಿಯೋ, ಛಳುಕೋ, ಸೆಳೆತವೋ, ಜೋಮೋ ಎಂಬ ಮಾತಿನಿಂದಲೇ ವೈದ್ಯರಿಗೆ ಅರ್ಧ ದಾರಿ ತಿಳಿಯುತ್ತದೆ.

* ಶಾಖದಿಂದ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ. ದೈಹಿಕ ಶ್ರಮದಿಂದ ದೃಷ್ಟಿ ತಾತ್ಕಾಲಿಕವಾಗಿ ಮಂಜಾಗುವುದನ್ನು ಜರ್ಮನಿಯ ವಿಲ್‌ಹೆಲ್ಮ್ ಊಟಾಫ್ 1890ರಲ್ಲೇ ಗಮನಿಸಿದ್ದರು. ಬೇಸಿಗೆಯ ಮಧ್ಯಾಹ್ನ ಒಲೆಯ ಮುಂದೆ ಬಹಳ ಹೊತ್ತು ನಿಲ್ಲಿಸಬೇಡಿ.

* ಬಿಸಿ ತಿಳಿಯುವ ಶಕ್ತಿ ಕುಂದಿರುವ ಕಾಲಿಗೆ ಬಿಸಿನೀರಿನ ಚೀಲ ಇಟ್ಟರೆ ಅರಿವಿಲ್ಲದೆಯೇ ಬೊಬ್ಬೆ ಏಳಬಹುದು. ಶಾಖ ಕೊಡಲೇಬೇಕಾದರೆ ಬಿಸಿಯನ್ನು ಬೇರೊಬ್ಬರು ಮುಟ್ಟಿ ನೋಡಲಿ.

* ಹೊಸದಾಗಿ ಕಣ್ಣುನೋವಿನೊಂದಿಗೆ ದೃಷ್ಟಿ ಮಂಜಾದರೆ, ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

* 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸೇರಿದೆ. ಪ್ರಮಾಣಪತ್ರದ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಈ ಕಾಯಿಲೆ ಬರುವುದು ಹೆಚ್ಚಾಗಿ ಮನೆಯ ಕೆಲಸವನ್ನೆಲ್ಲ ಹೊತ್ತಿರುವ ವಯಸ್ಸಿನ ಹೆಣ್ಣುಮಕ್ಕಳಿಗೆ. ‘ನೋಡಲು ಚೆನ್ನಾಗಿಯೇ ಇದ್ದೀಯಲ್ಲ, ಮತ್ತೇನು?’ ಎಂಬ ಮಾತನ್ನು ಅವರು ದಿನವೂ ಕೇಳುತ್ತಾರೆ. ಕೊನೆಗೆ ನೋವನ್ನು ಯಾರಿಗೂ ಹೇಳುವುದನ್ನೇ ಬಿಡುತ್ತಾರೆ, ವೈದ್ಯರಿಗೂ ಸಹ. ಹೇಳದ ನೋವಿಗೆ ಚಿಕಿತ್ಸೆ ಸಿಗದು. ನಿಮ್ಮ ಮಗಳೋ, ಸೊಸೆಯೋ, ಹೆಂಡತಿಯೋ ‘ಕಾಲು ಉರಿಯುತ್ತಿದೆ’ ಎಂದರೆ ಕಾಲನ್ನು ನೋಡಿ ಸುಮ್ಮನಾಗಬೇಡಿ. ಎಷ್ಟು ದಿನದಿಂದ ಎಂದು ಕೇಳಿ, ಮುಂದಿನ ಸಲ ವೈದ್ಯರ ಬಳಿಗೆ ನೀವೂ ಜೊತೆಗೆ ಹೋಗಿ.