ಕಳ್ಳನನ್ನು ಕರೆತಂದವರು

ದೋಹಾದ ಸೂಕ್ ವಾಕಿಫ್‌ನಲ್ಲಿ ದಾಮಾ ಆಡುವವರದೇ ಒಂದು ಮಜ್ಲಿಸ್ ಇದೆ. ಬಿಳಿ ನಿಲುವಂಗಿಯ ಹಿರಿಯರು ಹಲಗೆಯ ಆಚೆ ಈಚೆ ಎದುರುಬದುರಾಗಿ ಕೂರುತ್ತಾರೆ. ಹಲಗೆಯಲ್ಲಿ 64 ಮನೆ, ಒಬ್ಬೊಬ್ಬರಿಗೆ 16 ಕಾಯಿ. ಹಿಂದಿನ ಸಾಲನ್ನು ಖಾಲಿ ಬಿಟ್ಟು ಎರಡನೆಯ ಮತ್ತು ಮೂರನೆಯ ಸಾಲು ತುಂಬುವುದು ಕ್ರಮ. ಕಾಯಿ ಮುಂದಕ್ಕೆ ನಡೆಯಬೇಕು, ಇಲ್ಲವೇ ಪಕ್ಕಕ್ಕೆ, ಓರೆಯಾಗಿ ಸಾಗುವಂತಿಲ್ಲ. ಕಡಿಯುವ ಅವಕಾಶ ಬಂದರೆ ಬಿಡುವಂತಿಲ್ಲ. ಎರಡು ದಾರಿ ಕಂಡರೆ ಹೆಚ್ಚು ಕಾಯಿ ಸಿಗುವ ದಾರಿಯನ್ನೇ ಹಿಡಿಯಬೇಕು. ಆಡುವವರು ಇಬ್ಬರೇ. ಆದರೆ ಪಕ್ಕದಲ್ಲಿ ನಿಂತು ನೋಡುವವನಿಗೆ ಸುಮ್ಮನಿರಲು ಆಗುವುದಿಲ್ಲ. ಊರ ಜಗಲಿಯಲ್ಲಿ ಚನ್ನೆಮಣೆ ಆಡುವಾಗ ಆಗದ ಹಾಗೆಯೇ.

‘ವಾಕಿಫ್’ ಎಂದರೂ ನಿಂತಿರುವುದು ಎಂದೇ ಅರ್ಥ. ಮುಶೈರಿಬ್ ಹಳ್ಳದ ನೀರು ಉಕ್ಕಿ ಬಂದಾಗ ನೆಲದಲ್ಲಿ ಕೂರಲಾಗದೆ ವರ್ತಕರು ನಿಂತೇ ವ್ಯಾಪಾರ ಮಾಡುತ್ತಿದ್ದರಂತೆ, ಸಂತೆಗೆ ಆ ಹೆಸರೇ ಉಳಿಯಿತು. 2003ರಲ್ಲಿ ಬೆಂಕಿ ಬಿದ್ದು ಇದರ ಬಹುಭಾಗ ಹಾಳಾಯಿತು. ಮತ್ತೆ ಕಟ್ಟುವಾಗ ನಡುವೆ ಬಂದು ಸೇರಿದ್ದ ಹೊಸಗಾಲದ ಕಟ್ಟಡಗಳನ್ನು ತೆಗೆದು, ಮಣ್ಣಿನ ಗಿಲಾವು ಮತ್ತು ಮರದ ತೊಲೆಗಳ ಹಳೆಯ ರೂಪಕ್ಕೇ ಮರಳಿದರು. ತಳ್ಳುಗಾಡಿ ಹಿಡಿದ ಕೂಲಿಯವರು ಈಗಲೂ ಓಣಿಗಳಲ್ಲಿ ಓಡಾಡುತ್ತಾರೆ. ಅರಬ್ಬಿಯಲ್ಲಿ ಅವರು ‘ಹಮ್ಮಾಲ್’. ನಮ್ಮ ಎಪಿಎಂಸಿ ಯಾರ್ಡಿನ ‘ಹಮಾಲಿ’ ಬಂದದ್ದು ಇದೇ ಮಾತಿನಿಂದ.

ದಾಮಾದಲ್ಲಿ 16 ಕಾಯಿಗಳೂ ಒಂದೇ ಜಾತಿ. ಕೊನೆಯ ಸಾಲು ಮುಟ್ಟಿದ ಕಾಯಿಗೆ ಮಾತ್ರ ಬಡ್ತಿ. ಚದುರಂಗದಲ್ಲಿ ಹಾಗಲ್ಲ, ಆನೆಯ ಕೆಲಸ ಬೇರೆ, ಕುದುರೆಯದು ಬೇರೆ. ಆ ಕೆಲಸವೂ ಶಾಶ್ವತವಲ್ಲ. ಅರಬ್ಬರ ಶತ್ರಂಜ್‌ನಲ್ಲಿ ಮಂತ್ರಿ ಬಡಪಾಯಿ. ಮೂಲೆಯ ದಿಕ್ಕಿಗೆ ಒಂದೇ ಮನೆ ನಡೆಯುತ್ತಿದ್ದ. 15ನೇ ಶತಮಾನದ ಕೊನೆಗೆ ದಕ್ಷಿಣ ಯುರೋಪಿನಲ್ಲಿ ಅವನ ಜಾಗಕ್ಕೆ ಬಂದ ರಾಣಿ ಹಲಗೆಯನ್ನೆಲ್ಲ ಆಳತೊಡಗಿದಳು. ಈ ಬದಲಾವಣೆ ಒಪ್ಪದವರು ಯಾರ ಹತ್ತಿರ ದೂರು ಕೊಡಬೇಕಿತ್ತು? ಆಟಕ್ಕೆ ಕರ್ತೃವೇ ಇರಲಿಲ್ಲ.

ಕರ್ತೃ ಬದುಕಿದ್ದು, ಅವನಿಗೆ ಫೋನ್ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಉದಾಹರಣೆ. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ ನೆಲಮಾಳಿಗೆಯಲ್ಲಿ ಮೇಜಿನ ಸುತ್ತ ಕೂತು ಕಿರುಚಾಡುವ ನಾಲ್ವರು ಹುಡುಗರು ನೆನಪಿರಬಹುದು. ಅದೇ ಆಟ. ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ತಾಳಮದ್ದಲೆ ಬಲ್ಲವರಿಗೆ ಅರ್ಧ ಆಟ ಗೊತ್ತೇ ಇದೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಕೃಷ್ಣನಾಗುತ್ತಾನೆ, ಮಾತು ಅಲ್ಲಲ್ಲೇ ಹುಟ್ಟುತ್ತದೆ. ಭಾಗವತರ ಜಾಗದಲ್ಲಿ ಇಲ್ಲಿ ಕಥೆ ನಡೆಸುವ ‘ಡಂಜನ್ ಮಾಸ್ಟರ್’ ಇರುತ್ತಾನೆ. ವ್ಯತ್ಯಾಸ ಒಂದೇ. ತಾಳಮದ್ದಲೆಯ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆಗೆ ಸಾಯಲೇಬೇಕು. ಇಲ್ಲಿ 20 ಮುಖದ ದಾಳ ಒಳ್ಳೆಯದಾಗಿ ಉರುಳಿದರೆ ಅವನು ಬದುಕಿಬಿಡಬಹುದು.

ಆಡುವವನು ಮೊದಲು ತೀರ್ಮಾನಿಸಬೇಕಾದದ್ದು ತನ್ನ ‘ಕ್ಲಾಸ್’ ಯಾವುದೆಂದು. ಯಕ್ಷಗಾನದಲ್ಲಿ ರಾಜವೇಷ, ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ, ಹಾಸ್ಯ ಎಂದು ವಿಂಗಡಣೆ ಇರುವ ಹಾಗೆ ಇಲ್ಲಿ ಯೋಧ, ಮಾಂತ್ರಿಕ, ಪುರೋಹಿತ, ಕಳ್ಳ, ಗಾಯಕ. ಪುಂಡುವೇಷಧಾರಿ ದಿಗಿಣ ಹೊಡೆಯುತ್ತಾನೆ, ಬಣ್ಣದ ವೇಷದವನು ಅಬ್ಬರಿಸುತ್ತಾನೆ. ಇಲ್ಲೂ ಒಬ್ಬ ಮಾಡುವುದನ್ನು ಇನ್ನೊಬ್ಬ ಮಾಡಲಾರ. ವೇಷಗಳ ಬಗ್ಗೆ ಪ್ರೇಕ್ಷಕರಿಗೆ ಖಡಾಖಂಡಿತ ಅಭಿಪ್ರಾಯಗಳಿರುವುದು ಎರಡೂ ಕಡೆ ಸಮಾನ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್: ಯೋಧ, ಮಾಂತ್ರಿಕ, ಪುರೋಹಿತ. ಮೂರನೆಯದು ಮೇಜಿನ ಮೇಲಿನ ಜಗಳದಿಂದ ಹುಟ್ಟಿದ್ದು. ಆರ್ನೆಸನ್ ನಡೆಸುತ್ತಿದ್ದ ಆಟದಲ್ಲಿ ಒಬ್ಬನ ಪಾತ್ರ ರಕ್ತಪಿಶಾಚಿಯಾಗಿ ಬದಲಾಗಿ ‘ಸರ್ ಫ್ಯಾಂಗ್’ ಎಂಬ ಹೆಸರಿನಿಂದ ಮೆರೆಯತೊಡಗಿತು. ಯಾರ ಕೈಗೂ ಬಗ್ಗದ ಅವನನ್ನು ಹದ್ದುಬಸ್ತಿನಲ್ಲಿಡಲು ಇನ್ನೊಬ್ಬ ಆಟಗಾರ ಮೈಕ್ ಕಾರ್ ಊರ ಪಾದ್ರಿಯಾದ. ಭೂತಪ್ರೇತಗಳನ್ನು ಓಡಿಸುವ ಶಕ್ತಿ ಆ ಕ್ಲಾಸ್‌ಗೆ ಇಂದಿಗೂ ಉಳಿದಿದೆ.

ಕಳ್ಳ ಬಂದದ್ದು ಫೋನಿನಲ್ಲಿ. ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ‘ಏರೋ ಹಾಬೀಸ್’ ಎಂಬ ಅಂಗಡಿಯಿತ್ತು. ಅಲ್ಲಿ ಸೇರುತ್ತಿದ್ದ ಆಟಗಾರರು ಬೀಗ ತೆರೆಯುವ, ಸದ್ದಿಲ್ಲದೆ ಸರಿದುಹೋಗುವ ಪಾತ್ರವೊಂದನ್ನು ತಾವೇ ಕಟ್ಟಿಕೊಂಡಿದ್ದರು. ಅಂಗಡಿಯ ಗ್ಯಾರಿ ಸ್ವಿಟ್ಜರ್ 1974ರಲ್ಲಿ ದೂರದ ವಿಸ್ಕಾನ್ಸಿನ್‌ನಲ್ಲಿದ್ದ ಗೈಗ್ಯಾಕ್ಸ್‌ಗೆ ಕರೆ ಮಾಡಿ ಅದನ್ನು ವಿವರಿಸಿದರು. ಗೈಗ್ಯಾಕ್ಸ್ ಆ ಕಲ್ಪನೆಗೆ ತಮ್ಮದೇ ನಿಯಮಗಳನ್ನು ತೊಡಿಸಿದರು, ಮುಂದಿನ ವರ್ಷದ ‘ಗ್ರೇಹಾಕ್’ ಪುಸ್ತಕದಲ್ಲಿ ಕಳ್ಳ ಅಧಿಕೃತನಾದ. ಅಂದಿನಿಂದ ಈ ಆಟದ ಯಾವ ಆವೃತ್ತಿಯೂ ಅವನನ್ನು ಹೊರಗಿಟ್ಟಿಲ್ಲ. ಹೆಸರು ಮಾತ್ರ ‘ರೋಗ್’ ಎಂದು ಬದಲಾಯಿತು.

ದಾರಿ ತೆರೆದ ಮೇಲೆ ಟಪಾಲು ಹರಿಯಿತು. ಗೈಗ್ಯಾಕ್ಸ್‌ರ ಕಂಪನಿ ‘ದಿ ಸ್ಟ್ರಾಟಜಿಕ್ ರಿವ್ಯೂ’ ಎಂಬ ಪತ್ರಿಕೆ ತರುತ್ತಿತ್ತು. 1975ರಲ್ಲಿ ಜೋ ಫಿಶರ್ ಎಂಬ ಓದುಗ ಅದಕ್ಕೆ ಕಾಡುಮೇಡು ಬಲ್ಲ ‘ರೇಂಜರ್’ ಬರೆದು ಕಳಿಸಿದ. ಅದೇ ವರ್ಷ ಪೀಟರ್ ಆರನ್‌ಸನ್ ಕಣ್ಕಟ್ಟಿನ ಮಾಂತ್ರಿಕನನ್ನು ಕೊಟ್ಟ. 1976ರ ಫೆಬ್ರುವರಿಯಲ್ಲಿ ಡೌಗ್ ಶ್ವೆಗ್‌ಮನ್ ಹಾಡುಗಾರ ‘ಬಾರ್ಡ್’ನನ್ನು ಸೇರಿಸಿದ. 1978ರ ದೊಡ್ಡ ಪುಸ್ತಕದಲ್ಲಿ ಮೂವರಿಗೂ ಜಾಗ ಸಿಕ್ಕಿತು. ಬಾರ್ಡ್‌ನಿಗೆ ಸಿಕ್ಕಿದ್ದು ಅನುಬಂಧದ ಮೂಲೆ.

ಹಾಡುಗಾರನಿಗೆ ಮೂಲೆ ಕೊಟ್ಟದ್ದನ್ನು ದೋಹಾದ ಹಳಬರು ಒಪ್ಪುತ್ತಿರಲಿಲ್ಲ. ಸೂಕ್‌ನಿಂದ ಕಡಲ ದಂಡೆಗೆ ಕೆಲವೇ ನಿಮಿಷದ ನಡಿಗೆ. ತೈಲ ಸಿಗುವ ಮುನ್ನ ಇಲ್ಲಿನ ಬದುಕು ನಡೆದದ್ದು ಮುತ್ತಿನಿಂದ. ಬೇಸಿಗೆಯ ತಿಂಗಳುಗಳಲ್ಲಿ ಹೊರಟ ದೋಣಿಯಲ್ಲಿ ಒಬ್ಬೊಬ್ಬನದು ಒಂದೊಂದು ವೇಷ. ‘ನಾಖುದಾ’ ದೋಣಿಯ ಯಜಮಾನ. ‘ಗೈಸ್’ ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು ತಳಕ್ಕಿಳಿಯುವವನು. ‘ಸೈಬ್’ ಮೇಲೆ ಹಗ್ಗ ಹಿಡಿದು ಅವನನ್ನು ಎಳೆಯುವವನು; ಮುಳುಗಿದವನ ಉಸಿರು ಇವನ ಕೈಯಲ್ಲಿ. ಇವರ ಜೊತೆಗೆ ‘ನಹ್ಹಾಮ್’ ಎಂಬ ಹಾಡುಗಾರ. ಹುಟ್ಟು ಹಾಕುವಾಗ ಒಂದು ಹಾಡು, ಹಾಯಿ ಎತ್ತುವಾಗ ಇನ್ನೊಂದು. ಅಷ್ಟೂ ತೋಳುಗಳು ಒಂದೇ ತಾಳಕ್ಕೆ ಬೀಳಬೇಕಾದರೆ ಅವನು ಇರಲೇಬೇಕು. ಜಪಾನಿನ ಕೃಷಿಮುತ್ತು, ಜಗತ್ತಿನ ಆರ್ಥಿಕ ಕುಸಿತ ಎರಡೂ ಸೇರಿ 1930ರ ದಶಕದಲ್ಲಿ ಆ ದೋಣಿಗಳನ್ನು ದಡಕ್ಕೆ ತಳ್ಳಿದವು.

2008ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಾಲ್ಕನೇ ಆವೃತ್ತಿ ಬಂದಾಗ ಮೊದಲ ಪುಸ್ತಕದಲ್ಲಿ ಬಾರ್ಡ್ ಇರಲಿಲ್ಲ. ಡ್ರೂಯಿಡ್, ಮಾಂಕ್, ಬಾರ್ಬೇರಿಯನ್ ಎಂಬ ಹಳೆಯ ಕ್ಲಾಸ್‌ಗಳೂ ನಾಪತ್ತೆ. ಉಳಿದ ಎಂಟು ಕ್ಲಾಸ್‌ಗಳು ಅಚ್ಚುಕಟ್ಟಾಗಿ ಒಂದೇ ಚೌಕಟ್ಟಿನಲ್ಲಿ ಕೂತಿದ್ದವು: ಯೋಧನಿಗೂ ಮಾಂತ್ರಿಕನಿಗೂ ದಿನಕ್ಕೊಮ್ಮೆ ಬಳಸುವ, ಕಾಳಗಕ್ಕೊಮ್ಮೆ ಬಳಸುವ, ಯಾವಾಗಲೂ ಬಳಸುವ ಪಟ್ಟುಗಳು. ತೂಕದ ದೃಷ್ಟಿಯಿಂದ ಸೊಗಸಾದ ಕೆಲಸ. ಆದರೆ ಹಳೆಯ ಅಭಿಮಾನಿಗಳು ಎಲ್ಲರೂ ಒಂದೇ ಥರ ಕಾಣುತ್ತಾರೆಂದು ಮುನಿಸಿಕೊಂಡರು.

ಶಿವರಾಮ ಕಾರಂತರ ಯಕ್ಷರಂಗದ ಸುತ್ತ ಎದ್ದ ವಾದಗಳನ್ನು ಬಲ್ಲವರಿಗೆ ಈ ಮುನಿಸಿನ ದನಿ ಪರಿಚಿತ. ಕಾರಂತರು ಮಾತನ್ನು ಮೊಟಕುಗೊಳಿಸಿ ಕುಣಿತವನ್ನೂ ಹಾಡನ್ನೂ ಮುಂದಿಟ್ಟರು, ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದರು. ಪ್ರಯೋಗ ಹೊರದೇಶಗಳ ರಂಗಕ್ಕೂ ಹೋಯಿತು. ಆದರೂ ಅರ್ಥ ಕೇಳಿಯೇ ರಾತ್ರಿ ಬೆಳಗು ಮಾಡಿದ ರಸಿಕನಿಗೆ ಮಾತಿಲ್ಲದ ಯಕ್ಷಗಾನ ಯಕ್ಷಗಾನವೇ ಎಂಬ ಅನುಮಾನ ಹೋಗಲಿಲ್ಲ.

ಮುನಿದವರನ್ನು ಕರೆದು ಕೂರಿಸಿದ್ದು ‘ಪೈಜೊ’ ಎಂಬ ಕಂಪನಿ. 2008ರಲ್ಲೇ ಅದು ಹಿಂದಿನ ಆವೃತ್ತಿಯ ನಿಯಮಗಳನ್ನು ತಿದ್ದಿ ‘ಪಾತ್‌ಫೈಂಡರ್’ ಎಂಬ ಆಟದ ಕರಡು ಬಿಡುಗಡೆ ಮಾಡಿತು. ಮುಗಿದ ಪುಸ್ತಕವಲ್ಲ, ಕರಡು. ಆಡಿ ನೋಡಿ, ತಪ್ಪು ಹೇಳಿ ಎಂದಿತು. ವರ್ಷಕ್ಕೂ ಮೀರಿದ ಈ ತಿದ್ದಾಟದ ನಂತರ 2009ರ ಆಗಸ್ಟಿನಲ್ಲಿ ಪುಸ್ತಕ ಬಂತು. ಅಷ್ಟರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೂ ಕಾಣೆಯಾದವರು ಮರಳತೊಡಗಿದ್ದರು. ಬಾರ್ಡ್, ಡ್ರೂಯಿಡ್, ಬಾರ್ಬೇರಿಯನ್ 2009ರ ಮಾರ್ಚಿನ ಎರಡನೇ ಪುಸ್ತಕದಲ್ಲಿ ಮರಳಿದರು. ಮಾಂಕ್ 2010ರ ತನಕ ಕಾಯಬೇಕಾಯಿತು.

ಪಾಠ ಕಲಿತ ಪ್ರಕಾಶಕ ಕಂಪನಿ ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯನ್ನು ಬಾಗಿಲು ತೆರೆದಿಟ್ಟೇ ಬರೆಯಿತು. 2012ರ ಮೇ 24ರಂದು ಕರಡು ಹೊರಬಂತು. ಮೈಕ್ ಮರ್ಲ್ಸ್, ಜೆರೆಮಿ ಕ್ರಾಫರ್ಡ್ ಮತ್ತವರ ತಂಡ ಪ್ರತಿ ಕರಡಿನ ಹಿಂದೆ ಪ್ರಶ್ನಾವಳಿ ಕಳಿಸಿತು. 2014ರ ಪುಸ್ತಕದಲ್ಲಿ ಹನ್ನೆರಡು ಕ್ಲಾಸ್‌ಗಳಿದ್ದವು. ಆಡಿ ಪರೀಕ್ಷಿಸಿದವರ ಹೆಸರು ಹಾಕುವ ಜಾಗದಲ್ಲಿ 1,75,000ಕ್ಕೂ ಹೆಚ್ಚು ಅಭಿಮಾನಿಗಳಿಗೆ ಕೃತಜ್ಞತೆ ಇತ್ತು.

ಇಷ್ಟು ಜನ ಆಡಿ ನೋಡಿದ ಮೇಲೂ ರೇಂಜರ್ ಎಡವಿದ. ಅವನಿಗೆ ಕಾಡು ಗೊತ್ತು, ಆದರೆ ಕಥೆ ನಡೆಸುವವನು ಕಾಡಿಗೇ ಕರೆದೊಯ್ಯದಿದ್ದರೆ ಆ ವಿದ್ಯೆಗೆ ಬೆಲೆಯಿಲ್ಲ. ಅವನೊಂದು ತೋಳ ಸಾಕಬಹುದು, ಆದರೆ ತೋಳ ಕಚ್ಚಬೇಕಾದರೆ ಬಹುತೇಕ ಇವನು ಬಿಲ್ಲು ಕೆಳಗಿಡಬೇಕು. ಕಂಪನಿ 2015ರಲ್ಲಿ ಪ್ರಾಣಿಯ ಬದಲು ಪ್ರಾಣಿಯ ಆತ್ಮ ಬರುವ ಹೊಸ ರೂಪ ತೋರಿಸಿತು, ಜನ ಒಪ್ಪಲಿಲ್ಲ. 2016ರಲ್ಲಿ ಮತ್ತೊಂದು ಕರಡು ಬಂತು. ಅತಿ ದುರ್ಬಲ ಕ್ಲಾಸ್ ಎಂಬ ಹಣೆಪಟ್ಟಿ ಇವನಿಗೆ ಅಂಟಿದೆ, ಆಟಗಾರರಲ್ಲಿ ಅತೃಪ್ತಿ ಹೆಚ್ಚಿದೆ ಎಂದು ಅದರ ಪೀಠಿಕೆಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. ತೋಳಕ್ಕೆ ಸ್ವತಂತ್ರ ಸರದಿ ಸಿಕ್ಕಿದ ಆ ಕರಡು ಜನಪ್ರಿಯವಾದರೂ ಹಾಗೆಯೇ ಅಚ್ಚಿಗೆ ಹೋಗಲಿಲ್ಲ. 2020ರಲ್ಲಿ ಬೇರೊಂದು ಪುಸ್ತಕದಲ್ಲಿ ಐಚ್ಛಿಕ ತಿದ್ದುಪಡಿಗಳು ಬಂದವು, 2024ರಲ್ಲಿ ಪೂರ್ತಿ ಹೊಸ ರೂಪ. ಈಗಿನ ದೂರು: ಎಲ್ಲವೂ ‘ಹಂಟರ್ಸ್ ಮಾರ್ಕ್’ ಎಂಬ ಒಂದೇ ಮಂತ್ರಕ್ಕೆ ಜೋತುಬಿದ್ದಿದೆ.

2024ರ ಆ ಹೊಸ ಆವೃತ್ತಿಗಾಗಿ 2022ರ ಆಗಸ್ಟಿನಲ್ಲಿ ಶುರುವಾದ ಪರೀಕ್ಷೆಯಲ್ಲಿ ಇದಕ್ಕೂ ಸ್ವಾರಸ್ಯದ ಪ್ರಸಂಗಗಳಿವೆ. ಡ್ರೂಯಿಡ್ ಎಂದರೆ ಮೃಗವಾಗಿ ರೂಪ ಬದಲಿಸಬಲ್ಲವನು. ನೂರಾರು ಪ್ರಾಣಿಗಳ ಅಂಕಿ ಅಂಶ ಹುಡುಕುವ ಗೋಜು ತಪ್ಪಿಸಲು 2023ರ ಫೆಬ್ರುವರಿಯ ಕರಡು ‘ನೆಲದ ಪ್ರಾಣಿ’, ‘ಸಮುದ್ರದ ಪ್ರಾಣಿ’, ‘ಆಕಾಶದ ಪ್ರಾಣಿ’ ಎಂಬ ಸಿದ್ಧ ಅಚ್ಚುಗಳನ್ನು ಕೊಟ್ಟಿತು. ಅನುಕೂಲವೇನೋ ಸರಿ. ಆದರೆ ಕರಡಿಯಾಗಬೇಕೆಂದು ಬಂದವನು ‘ನೆಲದ ಪ್ರಾಣಿ’ಯಾಗಿ ಮನೆಗೆ ಹೋಗಲು ಸಿದ್ಧನಿರಲಿಲ್ಲ. ಜೂನ್ ಹೊತ್ತಿಗೆ ಅಚ್ಚುಗಳು ಹೋಗಿ ಕರಡಿ ಹಿಂದಿರುಗಿತು.

ವಾರ್ಲಾಕ್ ಎಂಬ ಮಾಂತ್ರಿಕನದೂ ಇದೇ ಕಥೆ. ಅವನ ಬತ್ತಳಿಕೆಯಲ್ಲಿ ಮಂತ್ರಗಳು ಕಡಿಮೆ, ಆದರೆ ಒಂದು ಗಂಟೆ ದಣಿವಾರಿಸಿಕೊಂಡರೆ ಮತ್ತೆ ತುಂಬುತ್ತದೆ. ದಣಿವಾರಿಸಲು ಜೊತೆಯವರು ಬಿಡುವುದಿಲ್ಲ ಎಂಬುದು ಅವನನ್ನು ಆಡುವವರ ಹಳೆಯ ಗೊಣಗು. ಅದಕ್ಕೆ ಮದ್ದೆಂಬಂತೆ 2023ರ ಏಪ್ರಿಲ್‌ನ ಕರಡಿನಲ್ಲಿ ಅವನಿಗೂ ಉಳಿದ ಮಾಂತ್ರಿಕರ ಹಾಗೆ ದಿನದ ಲೆಕ್ಕ ಬಂತು. ಗೊಣಗುತ್ತಿದ್ದವರೇ ಈಗ ಬೇಡವೆಂದರು. ಅವರಿಗೆ ಬೇಕಿದ್ದದ್ದು ಆ ವಿಚಿತ್ರ ಬತ್ತಳಿಕೆ ಇನ್ನೂ ಸುಸೂತ್ರವಾಗಿ ತುಂಬುವುದು, ಬತ್ತಳಿಕೆ ಬದಲಾಗುವುದಲ್ಲ. ಸೆಪ್ಟೆಂಬರ್‌ನಲ್ಲಿ ಹಳೆಯ ಕ್ರಮ ವಾಪಸಾಯಿತು, ಪೂರ್ತಿ ಒಂದು ಗಂಟೆ ಕಾಯದೆ ಒಂದಿಷ್ಟು ಮರಳಿ ಪಡೆಯುವ ಉಪಾಯವೂ ಸೇರಿತು.

ವೈದ್ಯರ ಬಳಿ ಬಂದ ರೋಗಿ ನೋವಿರುವ ಜಾಗವನ್ನು ಸರಿಯಾಗಿಯೇ ತೋರಿಸುತ್ತಾನೆ, ಮದ್ದಿನ ಹೆಸರು ಹೇಳುವಾಗ ಎಡವುತ್ತಾನೆ. 1974ರಲ್ಲಿ ಗೈಗ್ಯಾಕ್ಸ್‌ಗೆ ಬಂದದ್ದು ಒಂದು ಕರೆ. ಕಲ್ಪನೆ ಇಟ್ಟುಕೊಂಡು ನಿಯಮಗಳನ್ನು ಅವರೇ ಬರೆದರು. ಕ್ರಾಫರ್ಡ್ ತಂಡದ ಮುಂದೆ ಬಂದು ಬೀಳುತ್ತಿದ್ದದ್ದು ರಾಶಿ ರಾಶಿ ಉತ್ತರಗಳು. ಅವುಗಳಲ್ಲಿ ನೋವು ಯಾವುದು, ಮದ್ದಿನ ಸಲಹೆ ಯಾವುದು ಎಂದು ಬೇರ್ಪಡಿಸುವ ಕೆಲಸ ಮಾತ್ರ ಐವತ್ತು ವರ್ಷವಾದರೂ ಬದಲಾಗಿಲ್ಲ. ಹೊಸ ಆವೃತ್ತಿ ಮುಗಿಸಿದ ಕ್ರಾಫರ್ಡ್ 2025ರಲ್ಲಿ ‘ಡ್ಯಾರಿಂಗ್ಟನ್ ಪ್ರೆಸ್’ ಸೇರಿದರು. ಆ ಸಂಸ್ಥೆಯ ‘ಡ್ಯಾಗರ್‌ಹಾರ್ಟ್’ ಆಟವೂ ಅಂಗಡಿಗೆ ಬರುವ ಮೊದಲು 2024ರಲ್ಲಿ ಕರಡಾಗಿ ಜನರ ಕೈ ಸೇರಿತ್ತು. ಅದರ ಒಂಬತ್ತು ಕ್ಲಾಸ್‌ಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಓದಿದರೆ ಮೊದಲು ಸಿಗುವ ಹೆಸರು ಬಾರ್ಡ್.

ಸೂಕ್ ವಾಕಿಫ್‌ನ ದಾಮಾ ಹಲಗೆಗೆ ಇಂಥ ಪ್ರಶ್ನಾವಳಿ ಬರುವುದಿಲ್ಲ, ಕಳಿಸುವವರೂ ಇಲ್ಲ. ಇಲ್ಲಿ ಅಭಿಪ್ರಾಯವೆಂದರೆ ಹೆಗಲ ಮೇಲಿಂದ ಬಗ್ಗಿ ಕಾಯಿಯತ್ತ ಚಾಚಿದ ಬೆರಳು. ಕೂತವನು ಆ ಬೆರಳನ್ನು ನೋಡುತ್ತಾನೆ, ಹಲಗೆಯನ್ನು ನೋಡುತ್ತಾನೆ, ತಸ್ಬೀಹ್‌ನ ಒಂದೆರಡು ಮಣಿ ಸರಿಸುತ್ತಾನೆ. ಆಮೇಲೆ ಅದರ ಪಕ್ಕದ ಕಾಯಿ ನಡೆಸುತ್ತಾನೆ.